ಮನೆಯೊಳಗಿನ ಅಯಾನೈಸರ್: ಗಾಳಿ ಶುದ್ಧವಾಗುವುದೆಷ್ಟು, ಓಝೋನ್ ಸೇರುವುದೆಷ್ಟು

ಏರ್ ಪ್ಯೂರಿಫೈಯರ್ ಕೊಳ್ಳಲು ಹೊರಟವರಿಗೆ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಬಗೆಯ ಯಂತ್ರಗಳು ಸಿಗುತ್ತವೆ. ಒಂದು ಬಗೆಯದು ಫ್ಯಾನ್ ಮೂಲಕ ಕೋಣೆಯ ಗಾಳಿಯನ್ನು ಎಳೆದುಕೊಂಡು, ನೆರಿಗೆ ನೆರಿಗೆಯಾಗಿ ಮಡಿಸಿದ ದಟ್ಟ ಫಿಲ್ಟರ್ ಮೂಲಕ ಹಾಯಿಸಿ ಹೊರಗೆ ಬಿಡುತ್ತದೆ. ಇನ್ನೊಂದು ಬಗೆಯದಕ್ಕೆ ಫಿಲ್ಟರ್ ಇಲ್ಲ, ಬಹಳ ಸಲ ಫ್ಯಾನ್ ಕೂಡ ಇಲ್ಲ. ಗೋಡೆಯ ಸಾಕೆಟ್‌ಗೆ ಸಿಕ್ಕಿಸಿದರೆ ಸದ್ದಿಲ್ಲದೆ ಕೋಟ್ಯಂತರ ನೆಗೆಟಿವ್ ಅಯಾನುಗಳನ್ನು (ಋಣ ವಿದ್ಯುದಂಶ ಪಡೆದ ಅಣುಗಳನ್ನು) ಕೋಣೆಗೆ ಬಿಡುತ್ತದೆ ಎಂದು ಅದರ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಈ ಎರಡನೆಯದೇ ಅಯಾನೈಸರ್. ಫಿಲ್ಟರ್ ಇರುವ ಅನೇಕ ಪ್ಯೂರಿಫೈಯರ್‌ಗಳಲ್ಲಿಯೂ, ಎಸಿಗಳಲ್ಲಿಯೂ, ಕಾರಿನೊಳಗೆ ಇಡುವ ಪುಟ್ಟ ಉಪಕರಣಗಳಲ್ಲಿಯೂ, ಕೊರಳಿಗೆ ಹಾಕಿಕೊಳ್ಳುವ ಸಾಧನಗಳಲ್ಲಿಯೂ ಇದೇ ವ್ಯವಸ್ಥೆ ಒಂದು ಹೆಚ್ಚುವರಿ ಸೌಲಭ್ಯವಾಗಿ ಸೇರಿಕೊಂಡಿರುವುದರಿಂದ, ಅಯಾನೈಸರ್ ಕೊಂಡಿಲ್ಲವೆಂದು ತಿಳಿದಿರುವವರ ಮನೆಯಲ್ಲಿಯೂ ಅದು ಇರುವುದುಂಟು. ಇದು ಸುರಕ್ಷಿತವೇ ಎಂದು ಕೇಳುವವರಿಗೆ ಒಂದು ಪದದ ಉತ್ತರ ಕೊಡಲು ಬರುವುದಿಲ್ಲ. ಅಯಾನು ಎಂಬುದು ಅಪಾಯಕಾರಿ ವಸ್ತುವಲ್ಲ. ಆದರೆ ಅದನ್ನು ಹುಟ್ಟಿಸುವ ಕ್ರಿಯೆಯಲ್ಲಿ ಜೊತೆಗೆ ಹುಟ್ಟುವ ಓಝೋನ್ ಮತ್ತು ಆ ಓಝೋನ್ ಮನೆಯ ಇತರ ರಾಸಾಯನಿಕಗಳೊಡನೆ ಸೇರಿ ಮಾಡುವ ಕೆಲಸ ಎರಡೂ ಗಂಭೀರವಾಗಿ ಯೋಚಿಸಬೇಕಾದವು.

ಯಂತ್ರದೊಳಗೆ ನಡೆಯುವುದು ಇಷ್ಟು. ಸೂಜಿಯ ಮೊನೆಗೋ, ತೆಳುವಾದ ತಂತಿಗೋ, ಇಂಗಾಲದ ನಾರುಗಳ ಪುಟ್ಟ ಕುಂಚಕ್ಕೋ ಕೆಲವು ಸಾವಿರ ವೋಲ್ಟ್‌ಗಳ ವಿದ್ಯುತ್ತನ್ನು ಹರಿಸಲಾಗುತ್ತದೆ. ಮೊನೆ ಚೂಪಾಗಿದ್ದಷ್ಟೂ ಅದರ ಸುತ್ತಲಿನ ವಿದ್ಯುತ್ ಕ್ಷೇತ್ರ ತೀವ್ರವಾಗಿರುತ್ತದೆ. ಅಲ್ಲಿ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ಪಕ್ಕದ ಆಮ್ಲಜನಕದ ಅಣುಗಳಿಗೆ ಅಂಟಿಕೊಳ್ಳುತ್ತವೆ. ಹೀಗೆ ಋಣ ವಿದ್ಯುದಂಶ ಪಡೆದ ಅಣುಗಳು ಗಾಳಿಯಲ್ಲಿ ತೇಲುತ್ತಿರುವ ದೂಳು, ಹೊಗೆ, ಪರಾಗದ ಕಣಗಳಿಗೆ ತಗುಲಿ ಅವಕ್ಕೂ ವಿದ್ಯುದಂಶವನ್ನು ದಾಟಿಸುತ್ತವೆ. ವಿದ್ಯುದಂಶ ಪಡೆದ ಕಣ ಗಾಳಿಯಲ್ಲಿ ಬಹಳ ಹೊತ್ತು ತೇಲದೆ ಹತ್ತಿರದ ಗೋಡೆ, ಪರದೆ, ಮೇಜು, ಟಿವಿ ಪರದೆಗಳ ಕಡೆಗೆ ಸೆಳೆಯಲ್ಪಟ್ಟು ಅಂಟಿಕೊಳ್ಳುತ್ತದೆ.

ಈ ತತ್ವದಲ್ಲಿ ಮೋಸವೇನೂ ಇಲ್ಲ. ಅಮೆರಿಕದ ಫ್ರೆಡರಿಕ್ ಕಾಟ್ರೆಲ್ ಇದನ್ನೇ ಬಳಸಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಾರ್ಖಾನೆಯ ಹೊಗೆಯನ್ನು ಶುದ್ಧಗೊಳಿಸುವ ಸಾಧನವನ್ನು ರೂಪಿಸಿದರು. ಇಂದಿಗೂ ಕಲ್ಲಿದ್ದಲು ಉರಿಸುವ ವಿದ್ಯುತ್ ಸ್ಥಾವರಗಳಲ್ಲಿ, ನಮ್ಮ ರಾಯಚೂರಿನ ಸ್ಥಾವರವೂ ಸೇರಿದಂತೆ, ಚಿಮಣಿಗೆ ಹೋಗುವ ಮುನ್ನ ಹಾರುಬೂದಿಯನ್ನು ಹಿಡಿಯುವುದು ಇದೇ ತತ್ವದ ಸಾಧನ. ಆದರೆ ಅಲ್ಲಿ ವಿದ್ಯುದಂಶ ಪಡೆದ ಬೂದಿಯನ್ನು ಹಿಡಿದಿಡಲು ದೊಡ್ಡ ಲೋಹದ ತಗಡುಗಳಿವೆ, ಆ ತಗಡುಗಳನ್ನು ಬಡಿದು ಬೂದಿ ಉದುರಿಸುವ ವ್ಯವಸ್ಥೆ ಇದೆ, ಉದುರಿದ್ದನ್ನು ಸಾಗಿಸುವ ವ್ಯವಸ್ಥೆಯೂ ಇದೆ. ಮನೆಯ ಅಗ್ಗದ ಅಯಾನೈಸರ್‌ನಲ್ಲಿ ತಗಡೇ ಇರುವುದಿಲ್ಲ. ಆ ಕೆಲಸಕ್ಕೆ ನಿಮ್ಮ ಮನೆಯ ಗೋಡೆಯೇ ತಗಡು.

ಇದನ್ನು ಕಣ್ಣಾರೆ ಕಾಣಬಹುದು. ಸುಣ್ಣ ಅಥವಾ ತಿಳಿ ಬಣ್ಣ ಬಳಿದ ಗೋಡೆಯ ಹತ್ತಿರ ಇಂತಹ ಉಪಕರಣ ಕೆಲವು ತಿಂಗಳು ಕೆಲಸ ಮಾಡಿದರೆ, ಅದರ ಹಿಂದೆ ಬೂದು ಬಣ್ಣದ ಮಸಿ ಮೆಲ್ಲಗೆ ಹರಡಿಕೊಂಡಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಟ್ಟೆ ಕಪ್ಪಾಗುತ್ತದೆ. ಗಾಳಿಯಿಂದ ಕೊಳೆ ಇಳಿದದ್ದಕ್ಕೆ ಇದೇ ಸಾಕ್ಷಿ ಎಂದು ಮಾರಾಟಗಾರರು ತೋರಿಸುತ್ತಾರೆ, ಅದು ನಿಜವೂ ಹೌದು. ಆದರೆ ಗಾಳಿಯಿಂದ ಇಳಿದ ಕೊಳೆ ಮನೆಯಿಂದ ಹೊರಗೆ ಹೋಗಿಲ್ಲ. ಬೆಳಿಗ್ಗೆ ಕಸ ಗುಡಿಸುವಾಗ, ಹಾಸಿಗೆ ಕೊಡವುವಾಗ, ಮಕ್ಕಳು ಕುಣಿದಾಡುವಾಗ ಅದರಲ್ಲಿ ಒಂದು ಪಾಲು ಮತ್ತೆ ಗಾಳಿಗೆ ಏಳುತ್ತದೆ. ವಿದ್ಯುದಂಶ ಪಡೆದ ಕಣಗಳು ಗೋಡೆಗೆ ಅಂಟುವಂತೆಯೇ ಉಸಿರಿನೊಡನೆ ಒಳಹೋದಾಗ ಶ್ವಾಸಕೋಶದ ಒಳಮೈಗೂ ಹೆಚ್ಚಾಗಿ ಅಂಟಬಹುದು ಎಂಬ ಆತಂಕವನ್ನೂ ಈ ವಿಷಯದ ತಜ್ಞರು ಮುಂದಿಟ್ಟಿದ್ದಾರೆ.

ಈಗ ಓಝೋನ್ ವಿಷಯಕ್ಕೆ ಬರೋಣ. ಸೂಜಿಯ ಮೊನೆಯಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಯಾಗುವಷ್ಟು ಶಕ್ತಿ ಇರುವ ಕಡೆ ಆಮ್ಲಜನಕದ ಅಣು ಎರಡು ಪರಮಾಣುಗಳಾಗಿ ಒಡೆಯುವಷ್ಟು ಶಕ್ತಿಯೂ ಇರುತ್ತದೆ. ಒಡೆದ ಒಂಟಿ ಪರಮಾಣು ಪಕ್ಕದ ಆಮ್ಲಜನಕದ ಅಣುವಿಗೆ ಸೇರಿಕೊಂಡಾಗ ಮೂರು ಪರಮಾಣುಗಳ ಓಝೋನ್ ಆಗುತ್ತದೆ. ಜರ್ಮನಿಯ ಕ್ರಿಶ್ಚಿಯನ್ ಫ್ರೆಡ್ರಿಕ್ ಶೋನ್‌ಬೈನ್ 1839ರಲ್ಲಿ ಇದನ್ನು ಗುರುತಿಸಿದ್ದು ವಿದ್ಯುತ್ ಪ್ರಯೋಗಗಳ ವೇಳೆ ಪ್ರಯೋಗಾಲಯದಲ್ಲಿ ಬರುತ್ತಿದ್ದ ವಿಚಿತ್ರ ವಾಸನೆಯಿಂದಲೇ. ಸಿಡಿಲು ಬಡಿದ ನಂತರ ಬರುವ, ಹಳೆಯ ಜೆರಾಕ್ಸ್ ಯಂತ್ರದ ಪಕ್ಕ ನಿಂತಾಗ ಮೂಗಿಗೆ ತಾಗುವ ಕಟುವಾದ ವಾಸನೆ ಅದೇ. ಭೂಮಿಯಿಂದ ಹದಿನೈದು ಇಪ್ಪತ್ತು ಕಿಲೋಮೀಟರ್‌ಗಿಂತ ಮೇಲೆ ಇರುವ ಓಝೋನ್ ಪದರ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು ನಮ್ಮನ್ನು ಕಾಯುತ್ತದೆ. ಅದನ್ನು ಶಾಲೆಯಲ್ಲಿ ಓದಿದ ನಮಗೆ ಓಝೋನ್ ಎಂದರೆ ಒಳ್ಳೆಯದೆಂಬ ಭಾವನೆ ಉಳಿದಿದೆ, ಜಾಹೀರಾತುಗಳೂ ಅದನ್ನೇ ನೆಚ್ಚಿಕೊಂಡಿವೆ. ಉಸಿರಾಡುವ ಗಾಳಿಯಲ್ಲಿ ಇರುವ ಓಝೋನ್ ಮಾತ್ರ ಮಾಲಿನ್ಯಕಾರಕ ಅನಿಲ. ಅದು ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತದೆ, ಕೆಮ್ಮು, ಗಂಟಲು ಉರಿ, ಎದೆ ಬಿಗಿತ ತರುತ್ತದೆ, ಅಸ್ತಮಾ ಇರುವವರಲ್ಲಿ ಅದನ್ನು ಉಲ್ಬಣಗೊಳಿಸುತ್ತದೆ. ಮಕ್ಕಳು, ವಯಸ್ಸಾದವರು ಮತ್ತು ಮೊದಲೇ ಉಸಿರಾಟದ ಕಾಯಿಲೆ ಇರುವವರು ಇದರ ಬಾಧೆಗೆ ಬೇಗ ಸಿಗುತ್ತಾರೆ. ಅಂದರೆ, ಪ್ಯೂರಿಫೈಯರ್ ಕೊಳ್ಳಲು ಯಾರು ಹೆಚ್ಚು ಕಾರಣವುಳ್ಳವರೋ ಅವರಿಗೇ ಇದರಿಂದ ಹೆಚ್ಚು ತೊಂದರೆ.

ಎಷ್ಟು ಓಝೋನ್ ಹೆಚ್ಚಾಯಿತೆಂದು ಹೇಳಲು ಒಂದು ಅಳತೆ ಬೇಕು. ಗಾಳಿಯ ನೂರು ಕೋಟಿ ಭಾಗಗಳಲ್ಲಿ ಓಝೋನ್‌ನ ಒಂದು ಭಾಗವಿದ್ದರೆ ಅದನ್ನು ಒಂದು ಪಿಪಿಬಿ ಎನ್ನುತ್ತಾರೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಒಳಾಂಗಣದಲ್ಲಿ ಬಳಸುವ ವೈದ್ಯಕೀಯ ಉಪಕರಣಗಳಿಗೆ 50 ಪಿಪಿಬಿಯ ಮಿತಿ ಇಟ್ಟಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ, 2009ರ ನಮ್ಮ ರಾಷ್ಟ್ರೀಯ ವಾಯು ಗುಣಮಟ್ಟದ ಮಾನದಂಡವೂ ಹೊರಗಿನ ಗಾಳಿಗೆ ಎಂಟು ಗಂಟೆಗಳ ಸರಾಸರಿಯಾಗಿ ಘನಮೀಟರ್‌ಗೆ 100 ಮೈಕ್ರೋಗ್ರಾಂ ಎಂದು ಹೇಳುತ್ತವೆ. ಅದೂ ಹೆಚ್ಚೂಕಡಿಮೆ 50 ಪಿಪಿಬಿಯೇ.

ಈ ಸಂಖ್ಯೆಯನ್ನು ಒಂದು ಮಲಗುವ ಕೋಣೆಗೆ ಅನ್ವಯಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತು ಅಡಿ ಎತ್ತರದ ಕೋಣೆಯಲ್ಲಿ 1200 ಘನ ಅಡಿ, ಅಂದರೆ ಸುಮಾರು 34 ಘನಮೀಟರ್ ಗಾಳಿ ಇರುತ್ತದೆ. ಮಿತಿಯ ಅಂಚು ತಲುಪಲು ಆ ಇಡೀ ಕೋಣೆಯಲ್ಲಿ 3.4 ಮಿಲಿಗ್ರಾಂ ಓಝೋನ್ ಇದ್ದರೆ ಸಾಕು. ಓಝೋನ್ ಹುಟ್ಟಿದ್ದೆಲ್ಲ ಹಾಗೆಯೇ ಉಳಿಯುವುದಿಲ್ಲ. ಗೋಡೆ, ಬಟ್ಟೆ, ಮನುಷ್ಯರ ಚರ್ಮ ಇವುಗಳನ್ನು ತಾಗಿ ಅದು ನಾಶವಾಗುತ್ತಿರುತ್ತದೆ, ಬಾಗಿಲ ಸಂದಿಯಿಂದ ಸ್ವಲ್ಪ ಹೊರಗೂ ಹೋಗುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇರುವ ಓಝೋನ್‌ನ ಅರ್ಧ ಭಾಗ ಸುಮಾರು ಹದಿನಾಲ್ಕು ನಿಮಿಷಗಳಲ್ಲಿ ಕಳೆದುಹೋಗುತ್ತದೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 5 ಮಿಲಿಗ್ರಾಂ ಓಝೋನ್ ಬಿಡುವ ಉಪಕರಣ ರಾತ್ರಿಯಿಡೀ ನಡೆದಾಗ ಕೋಣೆಯ ಮಟ್ಟ 25 ಪಿಪಿಬಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಗಂಟೆಗೆ 10 ಮಿಲಿಗ್ರಾಂ ಬಿಡುವುದಾದರೆ ಮಿತಿಯನ್ನೇ ಮುಟ್ಟುತ್ತದೆ. ಇದು ಇಡೀ ಕೋಣೆಯ ಸರಾಸರಿ ಮಾತ್ರ. ತಲೆದಿಂಬಿನ ಪಕ್ಕದ ಮೇಜಿನ ಮೇಲೆ ಉಪಕರಣ ಇಟ್ಟವರ ಮೂಗಿನ ಬಳಿ ಮಟ್ಟ ಇನ್ನೂ ಹೆಚ್ಚಿರುತ್ತದೆ, ಕೊರಳಿಗೆ ಹಾಕಿಕೊಂಡವರದ್ದಂತೂ ಹೇಳಬೇಕಾಗಿಲ್ಲ. ಬಿಸಿಲಿನ ದಿನಗಳಲ್ಲಿ ವಾಹನದ ಹೊಗೆಯಿಂದ ಹುಟ್ಟಿದ ಓಝೋನ್ ಹೊರಗಿನಿಂದ ಬರುವುದು ಇದಕ್ಕೆ ಸೇರಿಕೊಳ್ಳುತ್ತದೆ.

ಹಾಗೆಂದು ಎಲ್ಲ ಅಯಾನೈಸರ್‌ಗಳೂ ಇಷ್ಟು ಓಝೋನ್ ಬಿಡುತ್ತವೆ ಎಂದಲ್ಲ. ಚೆನ್ನಾಗಿ ವಿನ್ಯಾಸಗೊಳಿಸಿದ ಕೆಲವು ಉಪಕರಣಗಳು ಅಳೆಯಲು ಕಷ್ಟವಾಗುವಷ್ಟು ಕಡಿಮೆ ಬಿಡುತ್ತವೆ. ತೊಂದರೆ ಏನೆಂದರೆ, ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಬರುವುದಿಲ್ಲ. ಮೂಗನ್ನು ನಂಬುವಂತೆಯೂ ಇಲ್ಲ. ಓಝೋನ್ ವಾಸನೆ ಕಡಿಮೆ ಮಟ್ಟದಲ್ಲಿಯೇ ತಿಳಿಯುವುದಾದರೂ ಸ್ವಲ್ಪ ಹೊತ್ತಿನಲ್ಲಿ ಮೂಗು ಅದಕ್ಕೆ ಒಗ್ಗಿಕೊಂಡು ಸುಮ್ಮನಾಗುತ್ತದೆ. ಹೊರಗಿನಿಂದ ಕೋಣೆಗೆ ಬಂದ ತಕ್ಷಣ ವಾಸನೆ ತಾಗಿದರೆ ಅದನ್ನು ಎಚ್ಚರಿಕೆಯೆಂದು ತಿಳಿದು ಉಪಕರಣವನ್ನು ಆಫ್ ಮಾಡಬೇಕು. ಅದನ್ನು ಶುದ್ಧ ಗಾಳಿಯ ವಾಸನೆ, ಮಳೆ ಬಂದ ಮೇಲಿನ ಪರಿಮಳ ಎಂದು ವರ್ಣಿಸಿ ಮಾರುವವರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ, ಏಕೆಂದರೆ ಶುದ್ಧ ಗಾಳಿಗೆ ವಾಸನೆಯೇ ಇರುವುದಿಲ್ಲ.

ಇದಕ್ಕಿಂತಲೂ ಅಪಾಯಕಾರಿಯಾದದ್ದು ಓಝೋನ್ ಜನರೇಟರ್. ಅಯಾನೈಸರ್‌ನಲ್ಲಿ ಓಝೋನ್ ಬೇಡದ ಉಪಉತ್ಪನ್ನ, ಜನರೇಟರ್‌ನಲ್ಲಿ ಅದೇ ಉದ್ದೇಶ. ರೋಗಾಣು ಕೊಲ್ಲಲು, ವಾಸನೆ ತೆಗೆಯಲು, ತರಕಾರಿ ತೊಳೆಯಲು ಎಂದು ಮಾರುವ ಇಂತಹ ಯಂತ್ರಗಳ ಪೆಟ್ಟಿಗೆಯ ಮೇಲೆ ಗಂಟೆಗೆ 200 ಅಥವಾ 400 ಮಿಲಿಗ್ರಾಂ ಎಂದು ಬರೆದಿರುವುದು ಅಪರೂಪವಲ್ಲ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ ಮುಚ್ಚಿದ ಕೋಣೆಯಲ್ಲಿ 400 ಮಿಲಿಗ್ರಾಂನ ಯಂತ್ರ ಮಟ್ಟವನ್ನು ಮಿತಿಯ ಸುಮಾರು ನಲವತ್ತು ಪಟ್ಟಿಗೆ ಏರಿಸಬಲ್ಲದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಈ ವಿಷಯದಲ್ಲಿ ಖಚಿತವಾಗಿ ಹೇಳಿರುವ ಮಾತಿದೆ: ಆರೋಗ್ಯದ ಮಿತಿಯೊಳಗೆ ಇದ್ದಾಗ ಓಝೋನ್ ಒಳಾಂಗಣದ ಮಾಲಿನ್ಯವನ್ನು ತೆಗೆಯುವ ಸಾಮರ್ಥ್ಯ ತೀರಾ ಕಡಿಮೆ, ರೋಗಾಣುಗಳ ಮೇಲೆ ಪರಿಣಾಮ ಬೀರಬೇಕಾದರೆ ಮಿತಿಯನ್ನು ಹಲವು ಪಟ್ಟು ಮೀರಬೇಕು. ಅಂದರೆ ಸುರಕ್ಷಿತವಾಗಿದ್ದಾಗ ಅದು ಕೆಲಸ ಮಾಡುವುದಿಲ್ಲ, ಕೆಲಸ ಮಾಡುವಾಗ ಸುರಕ್ಷಿತವಾಗಿರುವುದಿಲ್ಲ. ಜನರಿರುವ ಮನೆಯಲ್ಲಿ ಗಾಳಿಗೆ ಓಝೋನ್ ಬಿಡುವ ಇಂತಹ ಯಂತ್ರವನ್ನು ನಡೆಸಲೇಬಾರದು. ಸಾಕಿದ ಹಕ್ಕಿಗಳಿದ್ದರೆ ಇನ್ನಷ್ಟು ಎಚ್ಚರ ಬೇಕು, ಅವುಗಳ ಉಸಿರಾಟದ ವ್ಯವಸ್ಥೆ ನಮ್ಮದಕ್ಕಿಂತ ಬೇಗ ಹಾನಿಗೊಳ್ಳುತ್ತದೆ.

ಓಝೋನ್ ತಾನಾಗಿ ಮಾಡುವ ಹಾನಿಯಷ್ಟೇ ಮುಖ್ಯವಾದದ್ದು ಅದು ಮನೆಯ ಇತರ ವಸ್ತುಗಳೊಡನೆ ಸೇರಿ ಹುಟ್ಟಿಸುವ ಹೊಸ ವಸ್ತುಗಳು. ನಿಂಬೆ, ಕಿತ್ತಳೆ ಸಿಪ್ಪೆಯ ಪರಿಮಳಕ್ಕೆ ಕಾರಣವಾದ ಲಿಮೊನೀನ್, ಪೈನ್ ಎಣ್ಣೆಯಲ್ಲಿರುವ ಟರ್ಪೀನ್ ವರ್ಗದ ರಾಸಾಯನಿಕಗಳು ಓಝೋನ್ ಜೊತೆ ಬೇಗ ವರ್ತಿಸುತ್ತವೆ. ನಮ್ಮ ಮನೆಗಳಲ್ಲಿ ನೆಲ ಒರೆಸಲು ಬಳಸುವ ಬಿಳಿ ಫಿನಾಯಿಲ್ ಪೈನ್ ಎಣ್ಣೆಯದ್ದೇ. ಪಾತ್ರೆ ತೊಳೆಯುವ ಸೋಪು, ನೆಲದ ಲಿಕ್ವಿಡ್, ರೂಮ್ ಫ್ರೆಶ್ನರ್ ಬಹುತೇಕ ನಿಂಬೆಯ ವಾಸನೆಯವು. ಬಾಗಿಲು ಮುಚ್ಚಿ, ಎಸಿ ಹಾಕಿ, ಆಗಷ್ಟೇ ಫಿನಾಯಿಲ್‌ನಲ್ಲಿ ಒರೆಸಿದ ಕೋಣೆಯಲ್ಲಿ ಓಝೋನ್ ಬಿಡುವ ಅಯಾನೈಸರ್ ನಡೆದರೆ, ಫಾರ್ಮಾಲ್ಡಿಹೈಡ್ ಮತ್ತು ಅತಿ ಸೂಕ್ಷ್ಮ ಕಣಗಳು ಹುಟ್ಟುತ್ತವೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಅತಿ ಸೂಕ್ಷ್ಮ ಕಣಗಳಂತೂ ಯಾವುದನ್ನು ತೆಗೆಯಲೆಂದು ಯಂತ್ರ ಕೊಂಡೆವೋ ಆ ಜಾತಿಯವೇ. ಓಝೋನ್ ಕಡಿಮೆ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎನ್ನಲಾಗದು. ಕೋವಿಡ್ ಕಾಲದಲ್ಲಿ ಶಾಲೆ, ಕಚೇರಿಗಳಿಗೆ ಭರದಿಂದ ಮಾರಾಟವಾದ ಬೈಪೋಲಾರ್ ಅಯಾನೀಕರಣ (ಋಣ, ಧನ ಎರಡೂ ಬಗೆಯ ಅಯಾನುಗಳನ್ನು ಬಿಡುವ) ಯಂತ್ರವೊಂದನ್ನು ಅಮೆರಿಕದ ಇಲಿನಾಯ್ ತಂತ್ರಜ್ಞಾನ ಸಂಸ್ಥೆ ಮತ್ತಿತರ ವಿಶ್ವವಿದ್ಯಾಲಯಗಳ ಸಂಶೋಧಕರು ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು: ಗಾಳಿಯಲ್ಲಿದ್ದ ಕೆಲವು ಸಾವಯವ ಅನಿಲಗಳು ಕಡಿಮೆಯಾದರೆ ಅಸಿಟೋನ್, ಟೊಲುಯಿನ್ ಮುಂತಾದ ಬೇರೆ ಕೆಲವು ಹೆಚ್ಚಾಗಿದ್ದವು, ಸೂಕ್ಷ್ಮ ಕಣಗಳ ಮೇಲೆ ಹೇಳಿಕೊಳ್ಳುವಂತಹ ಪರಿಣಾಮ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ಅಯಾನುಗಳಿಂದ ಆರೋಗ್ಯಕ್ಕೆ ಲಾಭವಿದ್ದರೆ ತೂಗಿ ನೋಡಬಹುದಿತ್ತು. ಜಾಹೀರಾತುಗಳಲ್ಲಿ ಜಲಪಾತದ ಚಿತ್ರ ಇದ್ದೇ ಇರುತ್ತದೆ. ಅದಕ್ಕೆ ಆಧಾರವಿಲ್ಲದಿಲ್ಲ, ಬೀಳುವ ನೀರು ಚೂರಾಗುವಾಗ ಸುತ್ತಲಿನ ಗಾಳಿ ಋಣ ವಿದ್ಯುದಂಶ ಪಡೆಯುತ್ತದೆ ಎಂದು ಭೌತವಿಜ್ಞಾನಿ ಫಿಲಿಪ್ ಲೆನಾರ್ಡ್ 1892ರಲ್ಲಿಯೇ ವಿವರಿಸಿದ್ದರು, ಮಳೆಗಾಲದ ಜೋಗದಲ್ಲಿಯೂ ನಡೆಯುವುದು ಅದೇ. ಆದರೆ ಜೋಗದ ಮುಂದೆ ನಿಂತಾಗ ಆಗುವ ಹಿತಕ್ಕೆ ಅಯಾನುಗಳೇ ಕಾರಣ ಎಂಬುದು ಲೆನಾರ್ಡ್ ಹೇಳಿದ ಮಾತಲ್ಲ. ಅಯಾನುಗಳು ಮತ್ತು ಮನಸ್ಥಿತಿಯ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಆತಂಕ, ನಿದ್ರೆ, ಮನಸ್ಸಿನ ನಿರಾಳತೆ ಇವುಗಳ ಮೇಲೆ ಸ್ಥಿರವಾದ ಪರಿಣಾಮ ಕಾಣುವುದಿಲ್ಲವೆಂದೂ, ಖಿನ್ನತೆಯಲ್ಲಿ ಮಾತ್ರ, ಅದೂ ಅಯಾನುಗಳ ಸಾಂದ್ರತೆ ಬಹಳ ಹೆಚ್ಚಿದ್ದಾಗ, ಸ್ವಲ್ಪ ಇಳಿಕೆ ಕಂಡಿತೆಂದೂ ಹೇಳಿತು. ಅಸ್ತಮಾ ಬಗ್ಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಇನ್ನೂ ನೇರವಾಗಿದೆ. ಕೋಣೆಯ ಅಯಾನೈಸರ್‌ಗಳಿಂದ ರೋಗಿಗಳ ಶ್ವಾಸಕೋಶದ ಸಾಮರ್ಥ್ಯವಾಗಲಿ ರೋಗಲಕ್ಷಣಗಳಾಗಲಿ ಗಮನಾರ್ಹವಾಗಿ ಸುಧಾರಿಸಿದ್ದಕ್ಕೆ ಪುರಾವೆ ದೊರೆಯಲಿಲ್ಲ. ಚೀನಾದಲ್ಲಿ ಆರೋಗ್ಯವಂತ ವಿದ್ಯಾರ್ಥಿಗಳ ಕೋಣೆಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ ಋಣ ಅಯಾನಿನ ಪ್ಯೂರಿಫೈಯರ್ ಪಿಎಂ 2.5 ಕಣಗಳನ್ನು (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳನ್ನು) ಕಡಿಮೆ ಮಾಡಿದರೂ, ದೇಹದೊಳಗಿನ ಉತ್ಕರ್ಷಣದ ಒತ್ತಡವನ್ನು (ಜೀವಕೋಶಗಳಿಗೆ ಹಾನಿ ಮಾಡಬಲ್ಲ ಸ್ಥಿತಿಯನ್ನು) ತೋರಿಸುವ ಸೂಚಕ ಏರಿ, ಕಣ ಇಳಿದದ್ದರಿಂದ ಸಿಗಬೇಕಾದ ಲಾಭವನ್ನು ನುಂಗಿಹಾಕಿತ್ತು.

ಕಾನೂನಿನ ಮಾತಿಗೆ ಬಂದರೆ, ಹೆಚ್ಚು ಸ್ಪಷ್ಟವಾದ ನಿಯಮ ಇರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಅದರ ಹಿಂದೆ ಒಂದು ಪ್ರಕರಣವೂ ಇದೆ. ಫ್ಯಾನ್ ಇಲ್ಲದ ಅಯಾನಿಕ್ ಪ್ಯೂರಿಫೈಯರ್ ಒಂದು ಅಲ್ಲಿ ಮನೆಮಾತಾಗಿದ್ದ ಕಾಲದಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆ ಅದನ್ನು ಪರೀಕ್ಷಿಸಿ ನಿಷ್ಪ್ರಯೋಜಕವೆಂದಿತು. ತಯಾರಿಸುತ್ತಿದ್ದ ಶಾರ್ಪರ್ ಇಮೇಜ್ ಕಂಪನಿ 2003ರಲ್ಲಿ ಪತ್ರಿಕೆಯ ಮೇಲೆ ಮೊಕದ್ದಮೆ ಹೂಡಿತು, ಮರುವರ್ಷ ನ್ಯಾಯಾಲಯ ಅದನ್ನು ವಜಾಗೊಳಿಸಿತು, 2005ರಲ್ಲಿ ಪತ್ರಿಕೆ ಇಂತಹ ಯಂತ್ರಗಳು ಬಿಡುವ ಓಝೋನ್ ಬಗ್ಗೆಯೂ ವರದಿ ಪ್ರಕಟಿಸಿತು. 2006ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು; 2010ರ ಅಕ್ಟೋಬರ್‌ನಿಂದ ಆ ರಾಜ್ಯದಲ್ಲಿ ಮಾರುವ ಮನೆಬಳಕೆಯ ಏರ್ ಪ್ಯೂರಿಫೈಯರ್‌ಗಳು 50 ಪಿಪಿಬಿಗಿಂತ ಹೆಚ್ಚು ಓಝೋನ್ ಬಿಡುವುದಿಲ್ಲವೆಂದು ಪ್ರಮಾಣೀಕರಿಸಿಕೊಳ್ಳಬೇಕು. ಪ್ರಮಾಣಪತ್ರ ಪಡೆದ ಮಾದರಿಗಳ ಪಟ್ಟಿಯನ್ನು ಅಲ್ಲಿನ ವಾಯು ಸಂಪನ್ಮೂಲ ಮಂಡಳಿ ತನ್ನ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಕಾನೂನಿನ ರಕ್ಷಣೆ. ಇಲ್ಲಿರುವವರೂ ಕೊಳ್ಳುವ ಮುನ್ನ ಅದೇ ಪಟ್ಟಿಯಲ್ಲಿ ಮಾದರಿ ಸಂಖ್ಯೆಯನ್ನು ಹುಡುಕಬಹುದು, ಸಂಖ್ಯೆಯ ಒಂದು ಅಕ್ಷರ ಬೇರೆಯಾದರೂ ಅದು ಬೇರೆ ಯಂತ್ರವಿರಬಹುದೆಂಬುದನ್ನು ನೆನಪಿಟ್ಟುಕೊಂಡು. ಇದಕ್ಕಿಂತ ಕಟ್ಟುನಿಟ್ಟಾದದ್ದು ಅಮೆರಿಕದ ಉತ್ಪನ್ನ ಸುರಕ್ಷತಾ ಸಂಸ್ಥೆ ಯುಎಲ್ ಕೊಡುವ ಯುಎಲ್ 2998 ಎಂಬ ಪ್ರಮಾಣ. ಅದರ ಮಿತಿ 5 ಪಿಪಿಬಿ ಮಾತ್ರ. ಅಯಾನು ಇರುವ ಉಪಕರಣವನ್ನೇ ಕೊಳ್ಳಬೇಕೆಂದಿದ್ದರೆ ಕೇಳಬೇಕಾದದ್ದು ಈ ಪ್ರಮಾಣವನ್ನು. ಓಝೋನ್ ಎಷ್ಟು ಎಂದು ಕೇಳಿದಾಗ ಅಯಾನುಗಳ ಸಂಖ್ಯೆ ಹೇಳುವ ಅಂಗಡಿಯಿಂದ ಎದ್ದು ಬರುವುದೇ ಒಳ್ಳೆಯದು.

ವಿದ್ಯುತ್ತೇ ಬೇಕಿಲ್ಲದ ಅಯಾನು ಸಾಧನಗಳ ಬಗ್ಗೆಯೂ ಹೇಳಬೇಕು. ನೆಗೆಟಿವ್ ಅಯಾನ್ ಪೆಂಡೆಂಟ್, ಕೈಪಟ್ಟಿ, ಮೊಬೈಲ್‌ಗೆ ಅಂಟಿಸುವ ಬಿಲ್ಲೆ ಎಂದು ಪರಿಚಿತರ ಮೂಲಕವೇ ಮಾರಾಟವಾಗುವ ವಸ್ತುಗಳಿವೆ. ಬ್ಯಾಟರಿಯೂ ಇಲ್ಲದೆ ಸದಾ ಅಯಾನು ಹೊರಡಿಸಲು ಒಂದು ವಸ್ತುವಿಗೆ ಸಾಧ್ಯವಾಗುವುದು ಅದರಲ್ಲಿ ವಿಕಿರಣಶೀಲ ಖನಿಜವಿದ್ದರೆ. ನೆದರ್ಲೆಂಡ್ಸ್‌ನ ವಿಕಿರಣ ಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರ್‌ನಲ್ಲಿ ಇಂತಹ ಹತ್ತು ವಸ್ತುಗಳಲ್ಲಿ ವಿಕಿರಣಶೀಲತೆಯನ್ನು ಪತ್ತೆ ಮಾಡಿ, ದೀರ್ಘಕಾಲ ಧರಿಸಿದರೆ ಹಾನಿಯಾಗಬಹುದೆಂದು ಎಚ್ಚರಿಸಿ, ಧರಿಸುವುದನ್ನು ನಿಲ್ಲಿಸುವಂತೆ ಸೂಚಿಸಿತು. ಮಕ್ಕಳ ಕೊರಳಲ್ಲಿ ಇಂತಹದ್ದು ಇದ್ದರೆ ಇಂದೇ ತೆಗೆಯಬೇಕು.

ಮನೆಯಲ್ಲಿ ಈಗಾಗಲೇ ಅಯಾನು ಗುಂಡಿ ಇರುವ ಪ್ಯೂರಿಫೈಯರ್ ಇದ್ದರೆ ಅದನ್ನು ಎಸೆಯಬೇಕಾಗಿಲ್ಲ. ಫಿಲ್ಟರ್ ಮತ್ತು ಫ್ಯಾನ್ ತಮ್ಮ ಕೆಲಸ ಮಾಡುತ್ತವೆ. ಅಯಾನು ಅಥವಾ ಪ್ಲಾಸ್ಮಾ ಎಂದು ಬರೆದಿರುವ ಗುಂಡಿಯನ್ನು ಮಾತ್ರ ಆಫ್ ಮಾಡಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಕೆಲವು ಮಾದರಿಗಳಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಅದು ತಾನಾಗಿ ಮತ್ತೆ ಚಾಲೂ ಆಗುವುದರಿಂದ ಆಗಾಗ ನೋಡಿಕೊಳ್ಳಬೇಕು. ತಗಡುಗಳಿರುವ ಬಗೆಯದಾದರೆ ಪ್ಲಗ್ ಕಿತ್ತು, ತಯಾರಕರು ಹೇಳಿದಷ್ಟು ಹೊತ್ತು ಬಿಟ್ಟು, ತಗಡುಗಳನ್ನು ತೊಳೆದು ಪೂರ್ತಿ ಒಣಗಿಸಿ ಇಡಬೇಕು. ಕೊಳೆ ಕಟ್ಟಿದ ತಗಡು ಕಣಗಳನ್ನು ಹಿಡಿಯುವುದೂ ಇಲ್ಲ, ಚಟಪಟ ಸದ್ದಿನೊಡನೆ ಕಿಡಿ ಹಾರಿಸುವುದೂ ಉಂಟು. ಫಿಲ್ಟರ್ ಇಲ್ಲದ, ಪ್ರಮಾಣಪತ್ರವೂ ಇಲ್ಲದ ಪ್ಲಗ್ ಅಯಾನೈಸರ್ ಆದರೆ, ಅಸ್ತಮಾ ಇರುವವರು, ಹಸುಗೂಸು, ವೃದ್ಧರು ಇರುವ ಮನೆಯಲ್ಲಿ ಅದನ್ನು ಬಳಸದಿರುವುದೇ ಸರಿ.

ಹೊಸದಾಗಿ ಕೊಳ್ಳುವವರು ಅಯಾನುಗಳ ಸಂಖ್ಯೆಯ ಬದಲು ಸಿಎಡಿಆರ್ ಎಂಬ ಸಂಖ್ಯೆಯನ್ನು ನೋಡಬೇಕು. ಯಂತ್ರ ಗಂಟೆಗೆ ಎಷ್ಟು ಘನಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದು ಅದು. ಮೇಲೆ ಹೇಳಿದ 34 ಘನಮೀಟರ್‌ನ ಕೋಣೆಯ ಗಾಳಿಯನ್ನು ಗಂಟೆಗೆ ಐದು ಸಲ ಶುದ್ಧಗೊಳಿಸಬೇಕಾದರೆ 170 ಬೇಕು. ಈ ಸಂಖ್ಯೆ ಫ್ಯಾನ್ ಅತಿ ವೇಗದಲ್ಲಿ ತಿರುಗುವಾಗಿನದು. ರಾತ್ರಿ ಸದ್ದು ತಡೆಯಲಾರದೆ ವೇಗ ತಗ್ಗಿಸುವವರು ಇದಕ್ಕಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ್ದನ್ನು ಆರಿಸಿಕೊಳ್ಳಬೇಕು. ಸೊಳ್ಳೆ ಬತ್ತಿ, ಅಗರಬತ್ತಿ, ಒಗ್ಗರಣೆಯ ಹೊಗೆ ಮನೆಯೊಳಗೆ ಹುಟ್ಟುವ ಕಣಗಳ ದೊಡ್ಡ ಮೂಲ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕುವುದು, ಬತ್ತಿಯ ಬದಲು ಸೊಳ್ಳೆಪರದೆ ಕಟ್ಟುವುದು ಯಾವ ಯಂತ್ರಕ್ಕಿಂತಲೂ ಮೊದಲಿನ ಹೆಜ್ಜೆ. ಹೆಪಾ ಎಂಬ ದಟ್ಟ ಫಿಲ್ಟರ್ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ. 99.97ರಷ್ಟನ್ನು ಹಿಡಿಯುತ್ತದೆ, ಓಝೋನ್ ಹುಟ್ಟಿಸುವುದಿಲ್ಲ, ಹಿಡಿದದ್ದನ್ನು ಗೋಡೆಗೆ ಬಳಿಯುವುದಿಲ್ಲ. ಅದರ ಖರ್ಚು ಇರುವುದು ಫಿಲ್ಟರ್ ಬದಲಿಸುವುದರಲ್ಲಿ. ಆದ್ದರಿಂದ ಯಂತ್ರದ ಬೆಲೆ ಕೇಳುವಾಗಲೇ ಬದಲಿ ಫಿಲ್ಟರ್‌ನ ಬೆಲೆಯನ್ನೂ, ಅದು ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ.